ಅಕ್ಕ-ತಂಗಿ ಇಬ್ಬರಿಗೂ ಒಂದೇ ಮಹಿಳಾ ಕಾಲೇಜು ಬೇಕೆ?

ಓದುಗರ ಪತ್ರ: ದೊಡ್ಡ ಮಗಳು ದ್ವಿತೀಯ ಪಿಯು ಕಾಮರ್ಸ್, ಸೆಬಾ (ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಕಾಂಬಿನೇಷನ್. ಬಿಕಾಂ ಅಥವಾ ಎಕನಾಮಿಕ್ಸ್ ಆನರ್ಸ್ ಓದುವ ಆಸೆ. ಚಿಕ್ಕವಳು ಪ್ರಥಮ ಪಿಯು ಸೈನ್ಸ್, ಕೆಮಿಸ್ಟ್ರಿ ಅಂದರೆ ಪ್ರಾಣ. ಬೆಂಗಳೂರಿನ ಕೆಲವು ಮಹಿಳಾ ಕಾಲೇಜುಗಳನ್ನು ಮೂವರೂ ನೋಡಿ ಬಂದೆವು. ಗೇಟು, ಶಿಸ್ತು, ಕಟ್ಟಡ ಎಲ್ಲ ಚೆನ್ನಾಗಿವೆ. ಮಕ್ಕಳಿಗೆ ದೆಹಲಿಯ ಮಿರಾಂಡಾ ಹೌಸ್ ಇಲ್ಲವೇ ಲೇಡಿ ಶ್ರೀರಾಮ್ ಕಾಲೇಜಿನ ಕನಸು. ಎಲ್ಲೇ ಆಗಲಿ, ಇಬ್ಬರೂ ಒಂದೇ ಕಡೆ ಇದ್ದರೆ ನನಗೆ ನೆಮ್ಮದಿ. ಏನು ಮಾಡಲಿ?

ಸಂಪಾದಕರ ಉತ್ತರ: ನಿಮ್ಮ ಮಕ್ಕಳು ಕನಸು ಕಂಡಿರುವ ಎರಡು ಕಾಲೇಜುಗಳಲ್ಲೇ ‘ಇಬ್ಬರೂ ಒಂದೇ ಕಡೆ’ ಎಂಬುದು ಆಗದ ಮಾತು. 1948ರ ಮಿರಾಂಡಾ ಹೌಸ್ ವಿಜ್ಞಾನಕ್ಕೆ ಹೆಸರುವಾಸಿ, ಆದರೆ ಅಲ್ಲಿ ಬಿಕಾಂ ಇಲ್ಲ. 1956ರ ಲೇಡಿ ಶ್ರೀರಾಮ್‌ನಲ್ಲಿ ಬಿಕಾಂ ಆನರ್ಸ್ ಇದೆ, ಗಣಿತ, ಸಂಖ್ಯಾಶಾಸ್ತ್ರವೂ ಇದೆ, ಕೆಮಿಸ್ಟ್ರಿ ಇಲ್ಲ. ಬಿಕಾಂ, ಕೆಮಿಸ್ಟ್ರಿ ಎರಡೂ ಒಂದೇ ಆವರಣದಲ್ಲಿ ಬೇಕೆಂದರೆ ದೆಹಲಿಯಲ್ಲೇ ಗಾರ್ಗಿ, ದೌಲತ್ ರಾಮ್ ಎಂಬ ಮಹಿಳಾ ಕಾಲೇಜುಗಳಿವೆ. ಹಾಗಾಗಿ ಮೊದಲು ವಿಷಯ, ಆಮೇಲೆ ಕಾಲೇಜು.

ಇನ್ನೊಂದು ಮಾತನ್ನು ಈಗಲೇ ಹೇಳಬೇಕು. ದೆಹಲಿ ವಿಶ್ವವಿದ್ಯಾಲಯದಲ್ಲಿ ಎಕನಾಮಿಕ್ಸ್ ಆನರ್ಸ್ ಸೇರಲು ಸಿಯುಇಟಿಯಲ್ಲಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಗಣಿತ ಬರೆದಿರಲೇಬೇಕು, ಅದನ್ನು ಹನ್ನೆರಡನೇ ತರಗತಿಯಲ್ಲಿ ಓದಿರಲೂ ಬೇಕು. ಸೆಬಾದಲ್ಲಿರುವುದು ಸ್ಟ್ಯಾಟಿಸ್ಟಿಕ್ಸ್, ಗಣಿತವಲ್ಲ. ಆ ಬಾಗಿಲು ದೊಡ್ಡವಳಿಗೆ ಮುಚ್ಚಿದೆ. 95 ಪರ್ಸೆಂಟ್ ತೆಗೆದ ಎಷ್ಟೋ ಮಕ್ಕಳಿಗೆ ಇದು ಗೊತ್ತಾಗುವುದೇ ಅರ್ಜಿ ತುಂಬುವಾಗ. 2022ರಿಂದ ಸೀಟು ಸಿಗುವುದು ಸಿಯುಇಟಿ ಅಂಕದ ಮೇಲೆ. ಪಿಯು ಅಂಕಪಟ್ಟಿ ಮುಖ್ಯವಾಗಿ ಅರ್ಹತೆಗೆ.

ಸೀಟು ಹಂಚಿಕೆಯಲ್ಲಿ ಮಕ್ಕಳು ಎಡವುವುದು ಆದ್ಯತೆ ಪಟ್ಟಿಯಲ್ಲಿ. ಎರಡೇ ಕಾಲೇಜು ಬರೆದು ಕೂರಬೇಡಿ. ಅರ್ಹತೆಯಿರುವ ಕೋರ್ಸು-ಕಾಲೇಜು ಜೋಡಿಗಳನ್ನೆಲ್ಲ ನಿಜವಾದ ಇಷ್ಟದ ಕ್ರಮದಲ್ಲಿ ಬರೆಯಿರಿ. ಮೊದಲ ಸುತ್ತಿನಲ್ಲಿ ಹದಿನೈದನೆಯದು ಬಂದರೂ ಗಡುವಿನೊಳಗೆ ಒಪ್ಪಿಕೊಂಡು ಶುಲ್ಕ ಕಟ್ಟಿ, ‘ಅಪ್‌ಗ್ರೇಡ್’ ಆರಿಸಿ, ಅಂದರೆ ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಸೀಟಿಗೆ ಏರುವ ಆಯ್ಕೆ. ಒಪ್ಪದೆ ಬಿಟ್ಟರೆ ಮುಂದಿನ ಸುತ್ತಿಗೂ ಇಲ್ಲ.

ಸೀಟು ಸಿಕ್ಕಿತೆಂದರೆ ಹಾಸ್ಟೆಲ್ ಸಿಕ್ಕಿತೆಂದಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಪಟ್ಟಿ, ಕೋಣೆಗಳೂ ಕಡಿಮೆ. ಮಿರಾಂಡಾದ ಹುಡುಗಿಯರು ವಿಜಯ್ ನಗರ್, ಕಮಲಾ ನಗರ್‌ನಲ್ಲೂ ಲೇಡಿ ಶ್ರೀರಾಮ್‌ನವರು ಅಮರ್ ಕಾಲೊನಿಯಲ್ಲೂ ಪಿಜಿ ಹಿಡಿಯುತ್ತಾರೆ. ವರ್ಷದ ಖರ್ಚಿನಲ್ಲಿ ದೊಡ್ಡ ಪಾಲು ಇದೇ, ಕಾಲೇಜು ಶುಲ್ಕವಲ್ಲ. ಜೊತೆಗೆ ಕರ್ನಾಟಕದ ವಿಶ್ವವಿದ್ಯಾಲಯಗಳು 2024ರಿಂದ ಮೂರು ವರ್ಷದ ಪದವಿಗೆ ಮರಳಿವೆ. ದೆಹಲಿಯದು ನಾಲ್ಕು ವರ್ಷ, ಬೇಕಾದರೆ ಮೂರಕ್ಕೆ ಮುಗಿಸಬಹುದು.

ಈಗ ಬೆಂಗಳೂರಿಗೆ ಬರೋಣ. ನೀವು ಗೇಟು, ಶಿಸ್ತು ನೋಡಿದ್ದೀರಿ. ಅದು ಬೇಡವೆನ್ನುವುದಿಲ್ಲ, ಆದರೆ ಮಹಿಳಾ ಕಾಲೇಜಿನ ನಿಜವಾದ ಲಾಭ ಗೇಟಿನೊಳಗೆ ಹುಡುಗಿಯರು ಏನು ಮಾಡುತ್ತಾರೆ ಎಂಬುದರಲ್ಲಿದೆ. ಯೂನಿಯನ್ ಅಧ್ಯಕ್ಷೆ, ಫೆಸ್ಟಿನ ಖಜಾಂಚಿ, ಸ್ಟೇಜಿನ ಲೈಟು-ಸೌಂಡು, ಎನ್‌ಸಿಸಿ ಪರೇಡಿನ ಕಮಾಂಡು, ಎಲ್ಲವೂ ಅವರದೇ ಆಗಬೇಕು. ಚುನಾವಣೆ ನಡೆಯುತ್ತದೆಯೋ ಅಥವಾ ಪ್ರಾಂಶುಪಾಲರೇ ನೇಮಿಸುತ್ತಾರೋ, ಕೇಳಿ. ಫೆಸ್ಟಿಗೆ ಹೊರಗಿನ ಈವೆಂಟ್ ಕಂಪನಿ ಕರೆಸುವ ಕಾಲೇಜಿನಲ್ಲಿ ಕಲಿಯಲು ಉಳಿಯುವುದು ಕಡಿಮೆ.

ಜಯನಗರದ ಎನ್‌ಎಂಕೆಆರ್‌ವಿ, ಕೋರಮಂಗಲದ ಜ್ಯೋತಿ ನಿವಾಸ್, ಸರ್ಕಾರಿ ಮಹಾರಾಣಿ, ಯಾವುದಕ್ಕೇ ಹೋದರೂ ಓಪನ್ ಡೇ ಬಿಟ್ಟು ಮಾಮೂಲಿ ದಿನ ಮಧ್ಯಾಹ್ನ ಎರಡರ ಹೊತ್ತಿಗೆ, ಅನುಮತಿ ಪಡೆದು ಹೋಗಿ. ಚಿಕ್ಕವಳು ಕೆಮಿಸ್ಟ್ರಿ ಲ್ಯಾಬಿನ ಬಾಗಿಲಲ್ಲಿ ನಿಂತು ನೋಡಲಿ: ಒಂದು ಬ್ಯುರೆಟ್ಟಿಗೆ (ದ್ರಾವಣ ಅಳೆಯುವ ಗಾಜಿನ ಕೊಳವೆ) ಒಬ್ಬಳೋ, ನಾಲ್ವರೋ? ನಾಲ್ವರಿದ್ದರೆ ಒಬ್ಬಳು ಟೈಟ್ರೇಷನ್ ಮಾಡುತ್ತಾಳೆ, ಮೂವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಸಿಂಕಿನ ನಲ್ಲಿಯಲ್ಲಿ ನೀರು ಬರುತ್ತದೆಯೇ, ಕೆಟ್ಟ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಓಡುತ್ತಿದೆಯೇ ಅಥವಾ ಅದರೊಳಗೆ ಹಳೆಯ ಬಾಟಲಿ ಪೇರಿಸಿದ್ದಾರೆಯೇ? ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಎಂಬುದನ್ನು ಕಚೇರಿಯಲ್ಲಲ್ಲ, ಎರಡನೇ ವರ್ಷದ ವಿದ್ಯಾರ್ಥಿನಿಯರಲ್ಲಿ ಕೇಳಿ. ಸೆಮಿಸ್ಟರ್ ಮಧ್ಯೆ ಮೇಷ್ಟ್ರು ಬದಲಾದ ಕಥೆ ಹೇಳುವವರು ಅವರೇ. ಹಾಸ್ಟೆಲ್ಲಿನಲ್ಲಿ ಮುಖ್ಯವಾಗಿ ಕೇಳಬೇಕಾದದ್ದು, ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು.

ಬೆಂಗಳೂರಿನ ಖಾಸಗಿ ಕಾಲೇಜುಗಳು ಮೊದಲೇ ಶುಲ್ಕ ಕಟ್ಟಿಸಿಕೊಳ್ಳುತ್ತವೆ, ದೆಹಲಿಯ ಪಟ್ಟಿ ಬರುವುದು ಆಮೇಲೆ. ಅದಕ್ಕೆ ಕಟ್ಟುವ ಮೊದಲೇ ಆ ವರ್ಷದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಶುಲ್ಕ ವಾಪಸಾತಿ ಸುತ್ತೋಲೆ ಓದಿ, ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ. ಮೂಲ ಅಂಕಪಟ್ಟಿ ಪರಿಶೀಲಿಸಿದ ಮೇಲೆ ಕಾಲೇಜು ವಾಪಸು ಕೊಡಲೇಬೇಕು. ಅವರೇ ಇಟ್ಟುಕೊಳ್ಳುತ್ತೇವೆಂದರೆ 2018ರ ಯುಜಿಸಿ ಅಧಿಸೂಚನೆ ತೋರಿಸಿ.