ಗುಂಡುಸೂಜಿ ತಲೆಯಷ್ಟು ಭೂಮಿ

ಪ್ರಶ್ನೆ: ಮಗಳ ಪಾಠದ ಪುಸ್ತಕದಲ್ಲಿ ಸೌರಮಂಡಲದ ಚಿತ್ರ ಇದೆ. ಸೂರ್ಯನ ಪಕ್ಕದಲ್ಲೇ ಎಂಟು ಗ್ರಹಗಳು ಮಣಿ ಪೋಣಿಸಿದ ಹಾಗೆ ಸಾಲಾಗಿ ನಿಂತಿವೆ. ‘ನಿಜವಾಗ್ಲೂ ಹೀಗೇ ಇದೆಯಾ ಅಪ್ಪಾ?’ ಅಂತ ಕೇಳಿದಳು. ಏನು ಹೇಳಲಿ?

ಉತ್ತರ: ಇಲ್ಲ ಅಂತಲೇ ಹೇಳಿ. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್ ಅನ್ನುವ ಕ್ರಮ ಸರಿ. ಆದರೆ ಗಾತ್ರ, ದೂರ ಎರಡನ್ನೂ ಒಂದೇ ಅಳತೆಯಲ್ಲಿ ತೋರಿಸಲು ಪುಸ್ತಕದ ಪುಟ ಸಾಲದು. ಚಿತ್ರ ಬರೆದವರನ್ನು ಬೈದು ಪ್ರಯೋಜನವಿಲ್ಲ.

ನಾನು ಮೇಷ್ಟ್ರಾಗಿದ್ದಾಗ ಇದನ್ನು ಮೈದಾನದಲ್ಲಿ ಮಾಡಿ ತೋರಿಸುತ್ತಿದ್ದೆ. ಲೆಕ್ಕ ಸುಲಭ: ಒಂದು ಸೆಂಟಿಮೀಟರ್ ಅಂದರೆ ಒಂದು ಲಕ್ಷ ಕಿಲೋಮೀಟರ್. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್, ಹಾಗಾಗಿ 14 ಸೆಂಟಿಮೀಟರಿನ ಒಂದು ಚೆಂಡು ಸಾಕು. ಅದನ್ನು ಮೈದಾನದ ಒಂದು ತುದಿಯಲ್ಲಿಟ್ಟು ಹೆಜ್ಜೆ ಎಣಿಸುತ್ತಾ ಹೊರಡುತ್ತಿದ್ದೆವು. ಒಂದು ದೊಡ್ಡ ಹೆಜ್ಜೆಗೆ ಒಂದು ಮೀಟರ್. ಆರನೇ ಹೆಜ್ಜೆಯಲ್ಲಿ ಬುಧ, ಪೆನ್ನಿನಲ್ಲಿ ಇಟ್ಟ ಚುಕ್ಕಿಯಷ್ಟು. ಹನ್ನೊಂದಕ್ಕೆ ಶುಕ್ರ. ಹದಿನೈದಕ್ಕೆ ಭೂಮಿ, ಗುಂಡುಸೂಜಿಯ ತಲೆ.

ಒಂದು ವರ್ಷ ಆ ಗುಂಡುಸೂಜಿ ಹಿಡಿದಿದ್ದ ಹುಡುಗಿ ಅದನ್ನು ಹುಲ್ಲಿನಲ್ಲಿ ಬೀಳಿಸಿಕೊಂಡಳು. ‘ಸಾರ್, ಭೂಮಿ ಕಳೆದುಹೋಯ್ತು!’ ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಎಲ್ಲರೂ ಮಂಡಿಯೂರಿ ಹುಡುಕಿದರೂ ಸಿಗಲಿಲ್ಲ. ಚಂದ್ರನನ್ನು ಇಡುವುದಿದ್ದರೆ ಆ ಸೂಜಿಯಿಂದ ನಾಲ್ಕೇ ಸೆಂಟಿಮೀಟರ್ ಆಚೆ. ಮನುಷ್ಯ ಇಲ್ಲಿಯವರೆಗೆ ಹೋಗಿಬಂದಿರುವುದು ಹೆಚ್ಚುಕಡಿಮೆ ಅಷ್ಟೇ ದೂರ.

ಮಂಗಳ 23ನೇ ಹೆಜ್ಜೆಗೆ ಮುಗಿಯುತ್ತದೆ. ಆಮೇಲೆ ನಡೆದದ್ದೇ ನಡೆದದ್ದು. ಗುರು 78ನೇ ಹೆಜ್ಜೆಯಲ್ಲಿ, ಒಂದು ಗೋಲಿಯಷ್ಟು. ನಮ್ಮ ಮೈದಾನ ಅಲ್ಲಿಗೇ ಮುಗಿಯುತ್ತಿತ್ತು. ಶನಿ 143ಕ್ಕೆ, ಯುರೇನಸ್ 287ಕ್ಕೆ. ನೆಪ್ಚೂನ್‌ಗೆ 450 ಹೆಜ್ಜೆ, ಗೇಟು ದಾಟಿ ರಸ್ತೆಗೇ ಹೋಗಬೇಕಿತ್ತು. ಅಲ್ಲಿಂದ ತಿರುಗಿ ನೋಡಿದರೆ ಚೆಂಡು ಎಲ್ಲಿ ಕಾಣುತ್ತೆ? ನಡುವೆ ಇರುವುದೆಲ್ಲ ಬರೀ ಖಾಲಿ. ಮಂಗಳ, ಗುರು ನಡುವೆ ಕ್ಷುದ್ರಗ್ರಹಗಳು ಇವೆ ನಿಜ, ಆದರೆ ಅವೆಲ್ಲವನ್ನೂ ಒಟ್ಟು ಸೇರಿಸಿದರೂ ನಮ್ಮ ಚಂದ್ರನ ತೂಕ ಬರುವುದಿಲ್ಲ. ಸೌರಮಂಡಲದ ತೂಕದಲ್ಲಿ ನೂರಕ್ಕೆ 99.8 ಪಾಲು ಸೂರ್ಯನೊಬ್ಬನದೇ.

ಇನ್ನೊಂದು ಮಜಾ ಇದೆ. ಈ ಅಳತೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಮೂರೇ ಸೆಂಟಿಮೀಟರ್. ಅಂದರೆ ಇರುವೆ ನಡಿಗೆ! ಚೆಂಡಿನಿಂದ ಹೊರಟ ಇರುವೆ ಗುಂಡುಸೂಜಿ ಮುಟ್ಟಲು ಎಂಟು ನಿಮಿಷ ಚಿಲ್ಲರೆ, ನೆಪ್ಚೂನ್ ಮುಟ್ಟಲು ನಾಲ್ಕು ಗಂಟೆಗೂ ಜಾಸ್ತಿ. ಮಗಳಿಗೆ ಈ ಇರುವೆ ಕಥೆ ಹೇಳಿ ನೋಡಿ.

ಪ್ರಶ್ನೆ: ಸೂರ್ಯನಿಗೆ ಹತ್ತಿರ ಇರುವುದು ಬುಧ. ಆದರೂ ಶುಕ್ರನೇ ಹೆಚ್ಚು ಬಿಸಿ ಅಂತಾರಲ್ಲ, ಯಾಕೆ?

ಉತ್ತರ: ಬುಧನಿಗೆ ಹೊದಿಕೆಯೇ ಇಲ್ಲ, ಅದಕ್ಕೆ. ಹೆಸರಿಗೂ ಗಾಳಿ ಇಲ್ಲ ಅನ್ನಬಹುದು. ಹಗಲು 430 ಡಿಗ್ರಿ ಸೆಲ್ಸಿಯಸ್ ಕಾದರೂ ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಹೋಗುತ್ತದೆ. ಶುಕ್ರನ ಗಾಳಿಯಲ್ಲಿ ನೂರಕ್ಕೆ 96ರಷ್ಟು ಇಂಗಾಲದ ಡೈಆಕ್ಸೈಡ್. ಅದು ಒಳಗೆ ಬಂದ ಶಾಖವನ್ನು ಹೊರಗೆ ಬಿಡುವುದಿಲ್ಲ. ಹಗಲಿರಲಿ, ರಾತ್ರಿಯಿರಲಿ, ಸುಮಾರು 465 ಡಿಗ್ರಿ. ಸೀಸ ಇಟ್ಟರೆ ಕರಗುತ್ತದೆ. ಮೇಲೆ ಗಾಳಿಯ ಒತ್ತಡ ಬೇರೆ, ನಮ್ಮಲ್ಲಿಗಿಂತ 90 ಪಟ್ಟು. 1982ರಲ್ಲಿ ಸೋವಿಯತ್ ಒಕ್ಕೂಟದ ವೆನೆರಾ 13 ನೌಕೆ ಅಲ್ಲಿ ಇಳಿದು ಬಣ್ಣದ ಫೋಟೋ ಕಳಿಸಿತು. 32 ನಿಮಿಷ ಬಾಳಿದರೆ ಸಾಕು ಅಂತ ಮಾಡಿದ್ದ ಯಂತ್ರ. 127 ನಿಮಿಷ ತಡೆದುಕೊಂಡಿತು.