ಡಿಸ್ಲೆಕ್ಸಿಯಾ (ಅಕ್ಷರ, ಪದ ಓದುವುದೇ ಕಷ್ಟವಾಗುವ ಕಲಿಕೆಯ ತೊಂದರೆ) ಇರುವ ಮಕ್ಕಳಿಗೆ ಓದು ಯಾಕೆ ಅಷ್ಟು ಕಷ್ಟ? ಮೆದುಳಿನಲ್ಲಿ ಏನಾಗುತ್ತದೆ?

ಇದು ಕಣ್ಣಿನ ದೋಷ ಅಲ್ಲ, ಸೋಮಾರಿತನ ಅಂತೂ ಅಲ್ಲವೇ ಅಲ್ಲ.

ಮಾತಿಗೆ ಇರುವಂತೆ ಓದಿಗೆ ಅಂತ ಹುಟ್ಟಿನಿಂದ ಬಂದ ಏರ್ಪಾಡು ಮೆದುಳಿನಲ್ಲಿಲ್ಲ. ಅಕ್ಷರದ ಆಕಾರ ಗುರುತಿಸುವ ಜಾಗ ಎಡಗಡೆ ಹಿಂದೆ, ಸದ್ದು ಬಿಡಿಸುವ ಜಾಗ ಕಿವಿಯ ಹತ್ತಿರ, ಮಾತು ಹೊರಡಿಸುವ ಜಾಗ ಮುಂದೆ. ಇವು ಮೂರೂ ಕ್ಷಣದಲ್ಲಿ ಒಂದಕ್ಕೊಂದು ಸುದ್ದಿ ಮುಟ್ಟಿಸಬೇಕು. ಅದಕ್ಕಿರುವ ದಾರಿಗಳಲ್ಲಿ ಮುಖ್ಯವಾದದ್ದು ಆರ್ಕ್ಯುಯೇಟ್ ಫ್ಯಾಸಿಕ್ಯುಲಸ್ ಎಂಬ, ಬಿಲ್ಲಿನಂತೆ ಬಾಗಿದ ನರತಂತುಗಳ ಕಟ್ಟು. ಡಿಸ್ಲೆಕ್ಸಿಯಾ ಇರುವವರಲ್ಲಿ ಈ ಜೋಡಣೆ ಸರಾಸರಿಯಲ್ಲಿ ಸ್ವಲ್ಪ ಸಡಿಲ ಅಂತ ಹಲವು ಎಂಆರ್‌ಐ ಅಧ್ಯಯನಗಳು ತೋರಿಸಿವೆ. ಸರಾಸರಿ ಅಂದೆ, ನೆನಪಿರಲಿ. ಒಂದೇ ಮಗುವಿನ ಸ್ಕ್ಯಾನ್ ನೋಡಿ ಹೌದು, ಇಲ್ಲ ಅನ್ನೋಕೆ ಆಗುವುದಿಲ್ಲ, ಸುಮ್ನೆ ದುಡ್ಡು ದಂಡ.

'ಪುಸ್ತಕ' ಪದವನ್ನೇ ನೋಡಿ. ಮಗುವಿಗೆ ಸ ಗೊತ್ತು, ಕೆಳಗಿನ ತ ಒತ್ತೂ ಗೊತ್ತು, ಆದರೂ 'ಪು... ಸ...' ಅಂತ ನಿಂತುಬಿಡುತ್ತದೆ, ಎರಡನ್ನೂ ಸೇರಿಸಿ ಸದ್ದು ಹೊರಡಿಸುವಷ್ಟರಲ್ಲಿ ಸಾಲಿನ ಮೊದಲ ಪದವೇ ಮರೆತಿರುತ್ತದೆ. ಅದೇ ಕಥೆಯನ್ನು ನೀವು ಓದಿ ಹೇಳಿ, ಪಟಪಟ ಉತ್ತರ ಕೊಡುತ್ತದೆ!

ಮೆದುಳಿನ ಈ ಜೋಡಣೆ ಬದಲಾಗುತ್ತದಾ? ಸ್ವಲ್ಪ ಮಟ್ಟಿಗೆ ಹೌದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರಾದ ಕೆಲ್ಲರ್ ಮತ್ತು ಜಸ್ಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದಿನಲ್ಲಿ ಹಿಂದಿದ್ದ 8ರಿಂದ 10 ವರ್ಷದ ಮಕ್ಕಳಿಗೆ ಸುಮಾರು 100 ಗಂಟೆ ವಿಶೇಷ ಪಾಠ ಕೊಟ್ಟ ಮೇಲೆ ಓದೂ ಸುಧಾರಿಸಿತ್ತು, ಮೆದುಳಿನ ಎಡಭಾಗದ ತಂತುಗಳೂ ಬದಲಾಗಿದ್ದವು.