ತಂಬ್ಳಿ ಇರುವಾಗ ಮಾತ್ರೆ ಯಾಕೆ?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯವಳು, ವಯಸ್ಸು 56, ಸಸ್ಯಾಹಾರಿ. ಒಂದೆಲಗ, ಬಸಳೆ, ಮುರುಗಲು ಎಲ್ಲ ಹಿತ್ತಲಿನದೇ. ಬೆಂಗಳೂರಿನಿಂದ ಬಂದಿದ್ದ ಮಗಳು ಮಲ್ಟಿವಿಟಮಿನ್, ಬೀಟಾ ಕ್ಯಾರೊಟಿನ್ ಎರಡು ಡಬ್ಬಿ ಇಟ್ಟು ಹೋಗಿದ್ದಾಳೆ. ಬೇಕಾ ಇವೆಲ್ಲ? ನಮ್ಮನೆಯವರಿಗೂ ಕೊಡಬಹುದಾ? ಅವರು ಬೀಡಿ ಬಿಟ್ಟಿಲ್ಲ. ನಾನು ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತ ತುಂಬಾ ವರ್ಷ ಆಯಿತು. ಈಚೆಗೆ ಪಾದ ಜುಂ ಅನ್ನುತ್ತದೆ.

ಉತ್ತರ: ಅಕ್ಕಾ, ಬೀಡಿ ಮತ್ತು ಪಾದ, ಈ ಎರಡು ವಿಷಯ ಕೊನೆಗೆ ಸುಮ್ನೆ ಸೇರಿಸಿದ ಹಾಗಿದೆ. ನನ್ನ ಉತ್ತರವೆಲ್ಲ ಅಲ್ಲೇ ಇದೆ.

ಮೊದಲು ಬೀಡಿ. ಬೀಟಾ ಕ್ಯಾರೊಟಿನ್ ಅಂದರೆ ಮೈಯೊಳಗೆ ಎ ವಿಟಮಿನ್ ಆಗುವ ವಸ್ತು. ಆ ಡಬ್ಬಿ ಯಜಮಾನರ ಕೈಗೆ ಸಿಗದ ಹಾಗೆ ಎತ್ತಿಡಿ. ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ದಿನಾ 20 ಮಿಲಿಗ್ರಾಂ ಕೊಟ್ಟು ನೋಡಿದ್ದರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಸುಮಾರು 18% ಜಾಸ್ತಿಯಾಯಿತು. 1994ರಲ್ಲೇ ಬಂದ ಫಲಿತಾಂಶ ಇದು. ಬಸಳೆ, ಪಪ್ಪಾಯಿ, ಸಿಹಿಗುಂಬಳದಲ್ಲೂ ಇರುವುದು ಅದೇ ಕ್ಯಾರೊಟಿನ್, ಆದರೆ ಅವನ್ನು ತಿನ್ನಲು ಹೆದರಬೇಕಿಲ್ಲ. ಬಸಳೆಗೆ ಕಾಯಿ ಹಾಕಿ ಹುಳಿ ಮಾಡುತ್ತೀರಿ ಅಲ್ವಾ? ಕ್ಯಾರೊಟಿನ್ ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು, ಆ ಕಾಯಿಯಲ್ಲೇ ಅದಿದೆ. ಒಂದೆಲಗವನ್ನು ಹಸಿಯಾಗಿಯೇ ಬೀಸಿ ತಂಬ್ಳಿ ಮಾಡಿದರೆ ಸಿ ವಿಟಮಿನ್ ಉಳಿಯುತ್ತದೆ. ಕುದಿಸಿದರೆ ಬಹಳಷ್ಟು ಹೋಗುತ್ತದೆ. ಮುರುಗಲಿನ ಆ ಕೆಂಪು ಬಣ್ಣ ಆಂಥೋಸಯಾನಿನ್. ಕುಡಿಯಿರಿ, ಆದರೆ ಶುಗರ್ ಇರುವುದರಿಂದ ಬೆಲ್ಲ ಬೇಡ, ಉಪ್ಪು-ಜೀರಿಗೆ ಸಾಕು.

ಈಗ ಪಾದ. ನಿಮ್ಮ ಹಿತ್ತಲಲ್ಲಿ ಇಲ್ಲದ್ದು ಬಿ12 ವಿಟಮಿನ್. ಅದು ಕಡಿಮೆಯಾದರೆ ನರಕ್ಕೆ ತೊಂದರೆಯಾಗಿ ಪಾದ ಜುಂ ಅನ್ನಬಹುದು. ಸೊಪ್ಪು, ಕಾಯಿ, ಅಕ್ಕಿ ಯಾವುದರಲ್ಲೂ ಅದಿಲ್ಲ. ನಾನು ಕುಮಟೆಯವಳು, ಬಂಗಡೆ ತಿನ್ನುವವಳು, ನನಗೆ ಆ ಚಿಂತೆ ಕಡಿಮೆ. ನಿಮಗೆ ಹಾಲು-ಮೊಸರೇ ಗತಿ. ತಂಬ್ಳಿಗೆ ಹಾಕುವ ನೀರು ಮಜ್ಜಿಗೆ ಲೆಕ್ಕಕ್ಕೆ ಬರುವುದಿಲ್ಲ. ಲಿವರಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಗೊತ್ತಾಗಲು ವರ್ಷಗಳೇ ಬೇಕು. ಅದರ ಮೇಲೆ ಮೆಟ್‌ಫಾರ್ಮಿನ್ ಬೇರೆ, ಬಿ12 ಮೈಗೆ ಹತ್ತುವುದನ್ನು ಅದು ತಗ್ಗಿಸುತ್ತದೆ. ಹಾಗಂತ ನೀವಾಗಿ ನಿಲ್ಲಿಸಬೇಡಿ. ಶುಗರ್‌ನಿಂದಲೂ ಪಾದ ಜುಂ ಅನ್ನಬಹುದು, ಆದ್ದರಿಂದ ಊಹೆ ಬೇಡ.

ಮಲ್ಟಿವಿಟಮಿನ್ ಶುರು ಮಾಡುವ ಮೊದಲೇ ರಕ್ತದಲ್ಲಿ ಬಿ12 ನೋಡಿಸಿ. ಆ ಮಾತ್ರೆಗಳಲ್ಲಿ ಫೋಲಿಕ್ ಆಸಿಡ್ ಇರುತ್ತದೆ. ಅದು ಜಾಸ್ತಿಯಾದರೆ ರಕ್ತಹೀನತೆ ಮರೆಯಾಗಿ, ನರದ ತೊಂದರೆ ಮಾತ್ರ ಒಳಗೊಳಗೇ ಮುಂದುವರಿಯಬಹುದು. ಕೊರತೆ ಇದ್ದರೆ ಬರೀ ಬಿ12 ಮಾತ್ರೆಯೋ ಇಂಜೆಕ್ಷನ್ನೋ ಡಾಕ್ಟರು ಹೇಳುತ್ತಾರೆ. ಮಗಳ ಡಬ್ಬಿ ಅಲ್ಲಿಯವರೆಗೆ ಕಪಾಟಿನಲ್ಲೇ ಇರಲಿ.